ಸಣ್ಣ ರೊಕ್ಕದ ಸಿನಿಮಾ ಓದುವ ಬಗೆ: ಜೊತೆಗೆ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

“ಸ್ವತಂತ್ರ ಸಿನಿಮಾದ ಲಕ್ಷಣಗಳನ್ನು ವಿವರಿಸಿ” ಎಂದು ಹತ್ತು ಅಂಕಕ್ಕೆ ಕೇಳಿದರೆ ನಮ್ಮಲ್ಲಿ ಬಹುತೇಕರ ಉತ್ತರ ಒಂದೇ ಅಚ್ಚಿನದು: ಬಜೆಟ್ ಕಡಿಮೆ, ಸ್ಟಾರ್ ಇಲ್ಲ, ಹಾಡು-ಫೈಟ್ ಇಲ್ಲ, ನೈಜವಾಗಿರುತ್ತದೆ, ಪ್ರಶಸ್ತಿ ಬರುತ್ತದೆ. ಅಂಕವೇನೋ ಬೀಳುತ್ತದೆ. ಆದರೆ ಇಲ್ಲದ್ದನ್ನೆಲ್ಲ ಎಣಿಸಿ ಕೂತರೆ ಅಲ್ಲಿ ಏನಿದೆ ಎಂದು ಹೇಳಿದಂತಾಗಲಿಲ್ಲ. ಕಲಬುರಗಿಯಲ್ಲಿ ಕೂತು ಓದುವ ನಮಗೆ ನಾನು ಸೂಚಿಸುವ ದಾರಿ ಬೇರೆ. ಸಿನಿಮಾ ನೋಡುವ ಮೊದಲು ರೊಕ್ಕ ಯಾರದು ಎಂದು ಕೇಳಿ. ನಟರು ಯಾಕೆ ಇವರೇ, ಕ್ಯಾಮೆರಾ ಯಾಕೆ ಇಷ್ಟು ದೂರ, ಮಾತು ಯಾಕೆ ಹಿಂಗೆ ಕೇಳುತ್ತದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರೊಕ್ಕ ಯಾರದು?

ದೊಡ್ಡ ಸಿನಿಮಾಕ್ಕೆ ಹಣ ಹಾಕುವವರು ಮೊದಲು ಕೇಳುವುದು ಹೀರೋ ಯಾರು ಅಂತ. ಮುಖ ನೋಡಿ ವಿತರಕರು ಅಡ್ವಾನ್ಸ್ ಕೊಡುತ್ತಾರೆ, ಟಿವಿ ಹಕ್ಕು ಮಾರಾಟವಾಗುತ್ತದೆ. ಹೀಗಾಗಿ ಕಥೆ ಆ ಮುಖದ ಸುತ್ತಲೇ ಸುತ್ತಬೇಕು. ಸ್ಟಾರ್ ಇಲ್ಲದ ಸಿನಿಮಾಕ್ಕೆ ಆ ಹಣ ಬರುವುದಿಲ್ಲ ನಿಜ, ಆದರೆ ಕಥೆಯ ಮಧ್ಯದಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು. ಲೈನ್‌ಮನ್ ಆಗಬಹುದು, ಬಿಸಿಯೂಟದ ಅಡುಗೆಯಾಕೆ ಆಗಬಹುದು.

ಹಾಗಾದರೆ ಹಣ ಎಲ್ಲಿಂದ? 1976ರ ‘ಮಂಥನ’ಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿ ಹಾಕಿದರು. ಶ್ಯಾಮ್ ಬೆನೆಗಲ್ ನಿರ್ದೇಶನ. ಕೇರಳದ ಜಾನ್ ಅಬ್ರಹಾಂ ಅವರ ಒಡೆಸ್ಸಾ ಬಳಗ 1986ರ ‘ಅಮ್ಮ ಅರಿಯಾನ್’ಗೆ ಜನರಿಂದಲೇ ಚಂದಾ ಎತ್ತಿತು. ಕನ್ನಡದಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013): ಸುಮಾರು 110 ಜನ ಕೂಡಿ 51 ಲಕ್ಷದಷ್ಟು ಹಾಕಿದ್ದು, ಅದೂ ಇಂಟರ್ನೆಟ್ ಮೂಲಕ ಕೇಳಿ.

ಮೂರನ್ನೂ ‘ಕ್ರೌಡ್ ಫಂಡಿಂಗ್’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ‘ಮಂಥನ’ ಹಾಲಿನ ಸಹಕಾರ ಸಂಘದ ಕಥೆ, ರೊಕ್ಕವೂ ಆ ಸಂಘದ ರೈತರದೇ. ಅಲ್ಲಿ ಸಹಕಾರ ಚಳವಳಿಯ ಮೇಲೆ ಪ್ರೀತಿ ಇರುವುದರಲ್ಲಿ ಆಶ್ಚರ್ಯವಿಲ್ಲ. ‘ಲೂಸಿಯಾ’ಕ್ಕೆ ಹಣ ಹಾಕಿದವರು ಹೊಸ ನಮೂನೆಯ ಕನ್ನಡ ಸಿನಿಮಾ ಬೇಕು ಎಂದು ಹಂಬಲಿಸಿದ ನೋಡುಗರು. ಅದಕ್ಕೇ ಕನಸು-ನನಸನ್ನು ಹೆಣೆದು ನೋಡುಗನ ತಲೆಗೆ ಕೆಲಸ ಕೊಡುವ ಆಟಕ್ಕೆ ಅಲ್ಲಿ ಧೈರ್ಯ ಬಂತು. ಸಣ್ಣ ಸಿನಿಮಾಕ್ಕೆ ಯಾರ ಹಂಗೂ ಇಲ್ಲ ಎನ್ನುವುದು ಅರ್ಧ ಸತ್ಯ. ಹಂಗು ಇರುತ್ತದೆ, ಯಾರ ಹಂಗು ಎಂಬುದು ಬದಲಾಗುತ್ತದೆ. ಇನ್ನೊಂದು ಮಾತು: ಮುಂದೆ ಹೇಳಲಿರುವ ‘ಪೆದ್ರೋ’, ‘ಶಿವಮ್ಮ’ ಎಂಬ ಸಣ್ಣ ಸಿನಿಮಾ ಎರಡಕ್ಕೂ ನಿರ್ಮಾಪಕರು ರಿಷಬ್ ಶೆಟ್ಟಿ. ದೊಡ್ಡ ಸಿನಿಮಾದವರ ಕೈ ಈ ಕಡೆಗೂ ಚಾಚಿದೆ, ಗೋಡೆ ಅಷ್ಟು ಗಟ್ಟಿಯಿಲ್ಲ.

ಫ್ಯಾನ್ ಬಂದ್ ಮಾಡ್ರಿ

ನಟರಲ್ಲದವರನ್ನು ಹಾಕಿಕೊಳ್ಳುವುದು ಅಗ್ಗ ಎನ್ನುವುದು ತಪ್ಪು ಲೆಕ್ಕ. ಸಂಭಾವನೆ ಉಳಿಯಬಹುದು, ಆದರೆ ದಿನಗಳು ಕೈಬಿಟ್ಟು ಹೋಗುತ್ತವೆ. ರಾಮ್ ರೆಡ್ಡಿ ಅವರ ‘ತಿಥಿ’ (2015) ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ನಟರೆಲ್ಲ ಊರಿನ ಆಸುಪಾಸಿನ ಮಂದಿ. ಬರೆದ ಈರೇಗೌಡರ ಊರೂ ಅದೇ. ಪರಿಚಯದ ಮುಖಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಪಾತ್ರ ಕಟ್ಟಿದ್ದಾರೆ. ಸೆಂಚುರಿ ಗೌಡ ತೀರಿಹೋಗುತ್ತಾನೆ, ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಗಡ್ಡಪ್ಪನ ನಡಿಗೆಯನ್ನು ಯಾವ ನಟನಾ ಶಾಲೆಯೂ ಕಲಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಇಲ್ಲೇ ಧ್ವನಿಯ ಪಾಠ ಶುರು. ಕನ್ನಡ ಸಿನಿಮಾದಲ್ಲಿ ವರ್ಷಗಟ್ಟಲೆ ನಡೆದು ಬಂದದ್ದು ಡಬ್ಬಿಂಗ್: ಮೊದಲು ಚಿತ್ರ ತೆಗೆಯುವುದು, ಆಮೇಲೆ ಸ್ಟುಡಿಯೋದಲ್ಲಿ ತುಟಿಗೆ ಹೊಂದಿಸಿ ಮಾತು ಹೇಳಿಸುವುದು. ಹೊಲದಲ್ಲಿ ಸಲೀಸಾಗಿ ಬೈಯುವ ಮುದುಕನನ್ನು ಕತ್ತಲ ಕೋಣೆಯ ಮೈಕಿನ ಮುಂದೆ ನಿಲ್ಲಿಸಿದರೆ ಅದೇ ಬೈಗುಳ ಪಾಠ ಒಪ್ಪಿಸಿದ ಹಂಗಾಗುತ್ತದೆ. ಹೀಗಾಗಿ ನಟರಲ್ಲದವರನ್ನು ಆರಿಸಿಕೊಂಡ ನಿರ್ದೇಶಕ ಸಿಂಕ್ ಸೌಂಡನ್ನು, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ ಮಾತು ಹಿಡಿಯುವುದನ್ನು, ಆರಿಸಿಕೊಳ್ಳಬೇಕಾಗುತ್ತದೆ. ಒಂದು ನಿರ್ಧಾರ ಇನ್ನೊಂದನ್ನು ಎಳೆದು ತರುತ್ತದೆ.

ಮೇ ತಿಂಗಳಲ್ಲಿ ಕಲಬುರಗಿಯ ಒಂದು ಮನೆಯೊಳಗೆ ಹೀಗೆ ಶೂಟ್ ಮಾಡುವುದನ್ನು ಊಹಿಸಿಕೊಳ್ಳಿ. ಹೊರಗೆ 42 ಡಿಗ್ರಿ. ಫ್ಯಾನ್ ಬಂದ್, ಕೂಲರ್ ಬಂದ್, ಫ್ರಿಜ್ಜಿನ ಪ್ಲಗ್ ಕೀಳಬೇಕು. ಪಕ್ಕದ ಮನೆಯ ಬೋರಿನ ಮೋಟಾರ್ ನಿಲ್ಲಿಸಲು ಒಬ್ಬ ಹುಡುಗ “ಕಾಕಾ, ಐದೇ ಮಿನಿಟ್ರಿ” ಎಂದು ಬಾಗಿಲಲ್ಲಿ ನಿಂತಿರಬೇಕು. ನೆಲಕ್ಕೆ ಶಹಾಬಾದ್ ಪರಸಿ, ಗೋಡೆ ಕಲ್ಲಿನದು. ಎರಡೂ ಮಾತನ್ನು ಹೊಡೆದು ವಾಪಸ್ ಕಳಿಸುತ್ತವೆ, ರೆಕಾರ್ಡಿಂಗಿನಲ್ಲಿ ಗುಂಯ್ ಎನ್ನುತ್ತದೆ. ಕ್ಯಾಮೆರಾಕ್ಕೆ ಕಾಣದ ಕಡೆ ನೆಲಕ್ಕೆ ಕೌದಿ ಹಾಸಿ, ಗೋಡೆಗೆ ಜಮಖಾನ ಇಳಿಬಿಟ್ಟರೆ ಗುಂಯ್ ತಗ್ಗುತ್ತದೆ. ಒಂದು ಟೇಕಿನಲ್ಲಿ ಹಣೆಯ ಮೇಲೆ ಬೆವರು ಇದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಎಡಿಟಿಂಗಿನಲ್ಲಿ ಎರಡೂ ಕೂಡುವುದಿಲ್ಲ, ಅದನ್ನೂ ಕಾಯಬೇಕು. ಕಡೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಖಾಲಿ ಕೋಣೆಯ ಸದ್ದನ್ನೇ ಅರ್ಧ-ಮುಕ್ಕಾಲು ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಮಾತು ಕತ್ತರಿಸಿದ ಕಡೆ ತೇಪೆಗೆ ಅದು ಬೇಕೇ ಬೇಕು. ‘ನೈಜವಾಗಿದೆ’ ಎಂದು ನಾವು ಒಂದು ಪದದಲ್ಲಿ ಬರೆದು ಮುಗಿಸುವುದರ ಹಿಂದೆ ಇಷ್ಟು ಬೆವರು ಇರುತ್ತದೆ.

ನಮ್ಮ ಕಡೆಯ ಕಥೆಗಳು

ಕಲ್ಯಾಣ ಕರ್ನಾಟಕದ ಮಟ್ಟಿಗೆ ಈಗ ಬಿಡದೇ ನೋಡಬೇಕಾದವು ‘ಶಿವಮ್ಮ’ ಮತ್ತು ‘ಫೋಟೋ’.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ‘ಶಿವಮ್ಮ ಯರೇಹಂಚಿನಾಳ’ ಎಂಬ ಹೆಸರಲ್ಲಿ 2024ರ ಜೂನ್‌ನಲ್ಲಿ ಥಿಯೇಟರಿಗೆ ಬಂತು. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು, ಚಿತ್ರೀಕರಣವೂ ಅಲ್ಲೇ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ಒಂದು ಪೌಷ್ಟಿಕ ಪೇಯದ ಚೈನ್ ವ್ಯಾಪಾರಕ್ಕೆ, ಅಂದರೆ ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತ ಹೋಗುವ ಮಾರಾಟಕ್ಕೆ, ಬೀಳುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಊರ ಮಂದಿಗೆಲ್ಲ ಡಬ್ಬಿ ಮಾರುತ್ತ ಹೋಗುತ್ತಾಳೆ. ಬಡವಿಯನ್ನು ಪಾಪದವಳನ್ನಾಗಿ ತೋರಿಸಿ ಕಣ್ಣೀರು ಹಾಕಿಸುವುದು ಸುಲಭವಿತ್ತು. ಈ ಶಿವಮ್ಮ ಹಠಮಾರಿ, ಬಾಯಿ ಜೋರು, ಒಮ್ಮೊಮ್ಮೆ ನಮಗೇ ಸಿಟ್ಟು ಬರಿಸುತ್ತಾಳೆ. ನನ್ನ ಲೆಕ್ಕದಲ್ಲಿ ಸಿನಿಮಾದ ಗಟ್ಟಿತನ ಇರುವುದು ಇಲ್ಲಿಯೇ. ಇಂಥ ಕಂಪನಿಗಳ ಮೀಟಿಂಗಿಗೆ ಕರೆಯದ ಅಕ್ಕಂದಿರು, ಅತ್ತಿಗೆಯಂದಿರು ನಮ್ಮ ಯಾವ ಓಣಿಯಲ್ಲಿ ಇಲ್ಲ?

ಉತ್ಸವ್ ಗೋನ್ವಾರ್ ಅವರ ‘ಫೋಟೋ’ ಲಾಕ್‌ಡೌನ್ ದಿನಗಳದು. ರಾಯಚೂರು ಕಡೆಯ ಹುಡುಗನಿಗೆ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆ. ಕಟ್ಟಡ ಕೆಲಸಕ್ಕೆ ಬೆಂಗಳೂರು ಸೇರಿದ ಅಪ್ಪನ ಹತ್ತಿರ ಹೋಗುತ್ತಾನೆ. ಎಲ್ಲಾ ಬಂದ್ ಆಗುತ್ತದೆ. ಅಪ್ಪ-ಮಗ ನಡೆಯಲು ಶುರು ಮಾಡುತ್ತಾರೆ. ಇದರ ಪಕ್ಕದಲ್ಲಿ ಮಂಸೋರೆ ಅವರ ‘ಹರಿವು’ (2014) ಇಟ್ಟು ನೋಡಿ: ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿದ ಮಗನ ಹೆಣವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುವ ಉತ್ತರ ಕರ್ನಾಟಕದ ಅಪ್ಪ. ಎರಡರಲ್ಲೂ ರಾಜಧಾನಿ ಮತ್ತು ಊರಿನ ನಡುವಿನ ದೂರವೇ ಕಥೆ. ಕಲಬುರಗಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ನಿಂತಾಗ ಮುಂಬೈಗೂ ಬೆಂಗಳೂರಿಗೂ ಗಂಟು ಕಟ್ಟಿಕೊಂಡು ಹತ್ತುವವರನ್ನು ಕಂಡ ನಮಗೆ ಆ ದೂರ ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಮಾತಿನ ಬಗ್ಗೆ ನನ್ನದೊಂದು ತಕರಾರು. ದೊಡ್ಡ ಸಿನಿಮಾಗಳಲ್ಲಿ ನಮ್ಮ ಕಡೆಯ ಕನ್ನಡ ಬಹಳ ಸಲ ಹಾಸ್ಯಗಾರನ ಬಾಯಲ್ಲೇ ಉಳಿಯುತ್ತದೆ. ಅದೂ ಧಾರವಾಡದ್ದನ್ನೇ ತಂದು ಬೀದರ್‌ವರೆಗೂ ಎಳೆದಿರುತ್ತಾರೆ. ನಮ್ಮ “ಹೋಗ್ಲಾಕತ್ತೀನಿ”, ನಡುವೆ ಬರುವ ದಖನಿ ಉರ್ದು, ಗಡಿಯ ಮರಾಠಿ-ತೆಲುಗು, ಇವೆಲ್ಲ ದುಃಖಕ್ಕೂ ಜಗಳಕ್ಕೂ ಒದಗುವ ಮಾತು ಎಂದು ತೋರಿಸುವ ಕಥೆಗಳು ಕಲಬುರಗಿ, ಯಾದಗಿರಿ, ಬೀದರ್‌ನಿಂದ ಇನ್ನೂ ಬೇಕಷ್ಟು ಬಂದಿಲ್ಲ. ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ ತಮ್ಮ ಕಡೆಯ ಮರಾಠಿಯನ್ನು ‘ಫ್ಯಾಂಡ್ರಿ’ಯಲ್ಲಿ (2013) ಹೆಂಗೆ ಬಳಸಿದ್ದಾರೆ ಎಂದು ಕಿವಿಗೊಟ್ಟು ಕೇಳಿ.

ಉಳಿದ ನಮೂನೆಗಳು, ಚುಟುಕಾಗಿ

ಎಲ್ಲ ಸಣ್ಣ ಸಿನಿಮಾವೂ ಬಡತನದ ಕಥೆಯಲ್ಲ. ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ ಪಿಯು ಕಾಲೇಜಿನ ಇಬ್ಬರ ಖಾಸಗಿ ವಿಡಿಯೋ ಬಯಲಾಗುವುದರಿಂದ ಶುರುವಾಗಿ ಜಾತಿಯ ಲೆಕ್ಕಾಚಾರಕ್ಕೆ ಬಂದು ಮುಟ್ಟುತ್ತದೆ. ನಟೇಶ್ ಹೆಗಡೆ ‘ಪೆದ್ರೋ’ದಲ್ಲಿ ಮುಖ್ಯ ಪಾತ್ರಕ್ಕೆ ಸ್ವಂತ ಅಪ್ಪನನ್ನೇ ನಿಲ್ಲಿಸಿದರು. ಮಲೆನಾಡಿನ ಎಲೆಕ್ಟ್ರಿಷಿಯನ್ ಒಬ್ಬ ಊರಿಗೆ ಹೊರಗಿನವನಾಗುವ ಬಗೆ ಅದು. ಇನ್ನು ಚಿದಾನಂದ ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ 16 ನಿಮಿಷದ ಕನ್ನಡ ಕಿರುಚಿತ್ರಕ್ಕೆ 2024ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. ಅಜ್ಜಿ ಹುಂಜ ಕದ್ದೊಯ್ದಳು, ಊರಿಗೆ ಬೆಳಗೇ ಆಗಲಿಲ್ಲ ಎಂಬ ಜನಪದ ಕಥೆ. ಚಿತ್ರೀಕರಣ ನಾಲ್ಕೇ ದಿನ. ಕ್ಯಾಮೆರಾ ಹಿಡಿಯುವ ಮನಸ್ಸಿದ್ದವರು ಇಂಥ ಕಿರುಚಿತ್ರದಿಂದ ಶುರು ಮಾಡಿ, ಎರಡು ತಾಸಿನ ಸ್ಕ್ರಿಪ್ಟ್ ಆಮೇಲೆ.

(ಪಕ್ಕದ ಮಾತು: ನಮ್ಮೂರಿನ ರಂಗಮಂದಿರಕ್ಕೆ ಹೆಸರಿರುವ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಶೋಕಾರ್ಡ್ ಬರೆದು ಹೆಸರಾದವರು. ಕಲಬುರಗಿಗೂ ಸಿನಿಮಾಕ್ಕೂ ಏನು ನಂಟು ಎಂದು ಕೇಳುವವರಿಗೆ ಇಷ್ಟು ಹೇಳಿ.)

ನೋಡುವುದು ಎಲ್ಲಿ, ಬರೆಯುವುದು ಹೆಂಗೆ

ಡಿಜಿಟಲ್ ಪ್ರೊಜೆಕ್ಷನ್ನಿಗೆ ಕ್ಯೂಬ್, ಯುಎಫ್‌ಒದಂಥ ಕಂಪನಿಗಳಿಗೆ ನಿರ್ಮಾಪಕರೇ ಶುಲ್ಕ ಕಟ್ಟಬೇಕು, ಮೇಲೆ ಪ್ರಚಾರದ ಖರ್ಚು. ಇಪ್ಪತ್ತು ಜನ ಬರುವ ಊರಿಗೆ ಸಿನಿಮಾ ಕಳಿಸಲು ಹಿಂದೇಟು ಹಾಕುವುದು ಈ ಲೆಕ್ಕಕ್ಕೇ. ಹೀಗಾಗಿ ನಮಗೆ ಹೆಚ್ಚಾಗಿ ಸಿಗುವುದು ಮೊಬೈಲ್ ಪರದೆ. ಮೊಬೈಲಿನಲ್ಲಿ ನೋಡುವುದಾದರೆ ಇಯರ್‌ಫೋನ್ ಹಾಕಿಕೊಳ್ಳಲೇಬೇಕು. ದೂರದ ಮೋಟಾರು, ನಾಯಿ, ಒಲೆಯ ಸದ್ದು ಫೋನಿನ ಸ್ಪೀಕರಿನಲ್ಲಿ ಸತ್ತುಹೋಗುತ್ತವೆ, ಇಂಥ ಸಿನಿಮಾದಲ್ಲಿ ಹಿನ್ನೆಲೆ ಸಂಗೀತದ ಕೆಲಸ ಮಾಡುವುದು ಅವೇ.

ಉತ್ತರ ಬರೆಯುವಾಗ ಒಂದು ಶಾಟ್, ಅಂದರೆ ಕತ್ತರಿಸದೆ ಒಂದೇ ಸಲಕ್ಕೆ ಓಡುವ ತುಣುಕು, ಆರಿಸಿಕೊಳ್ಳಿ. ಕ್ಯಾಮೆರಾ ಎಲ್ಲಿದೆ, ಎಷ್ಟು ಹೊತ್ತು ನಿಂತಿತು, ಚೌಕಟ್ಟಿನ ಹೊರಗಿಂದ ಏನು ಕೇಳಿಸಿತು ಎಂದು ಮೂರು ಸಾಲು ಬರೆಯಿರಿ. ಆಮೇಲೆ ರೊಕ್ಕದ ಪ್ರಶ್ನೆಗೆ ಬನ್ನಿ: ಇದೇ ದೃಶ್ಯವನ್ನು ದೊಡ್ಡ ಹೀರೋ ಇಟ್ಟು ತೆಗೆದಿದ್ದರೆ ಕ್ಯಾಮೆರಾ ಯಾರ ಮುಖದ ಹತ್ತಿರ ಹೋಗುತ್ತಿತ್ತು, ಯಾರು ಚೌಕಟ್ಟಿನಿಂದ ಹೊರಗೆ ಬೀಳುತ್ತಿದ್ದರು? ‘ಶಿವಮ್ಮ’ದಲ್ಲಿ ಆಕೆ ಡಬ್ಬಿ ಮಾರಲು ಹೋಗುವ ಯಾವುದೇ ದೃಶ್ಯ ಇದಕ್ಕೆ ನಡೆಯುತ್ತದೆ.