ಪದ ಪರಿಚಯ: ವಾಲ್ಯೂಮ್

ವಾಲ್ಯೂಮ್ ಅಂದರೆ ಮೊದಲು ನೆನಪಾಗುವುದು ಟಿವಿಯ ಸದ್ದು. ಆ್ಯಪನ್ನು ಅದಕ್ಕೆ ಬೇಕಾದ್ದರ ಸಮೇತ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ತಂತ್ರಾಂಶ ಡಾಕರ್. ಅಲ್ಲಿ ಈ ಪದದ ಅರ್ಥವೇ ಬೇರೆ: ಕಂಟೇನರ್ ಅಳಿದರೂ ಉಳಿಯಬೇಕಾದ ಡೇಟಾವನ್ನು ಇಡುವ ಜಾಗ.

ಶಿರಸಿ ಕಡೆಯವರಿಗೆ ಅಡಿಕೆ ಚಪ್ಪರದ ಮೂಲಕ ಹೇಳಿದರೆ ಬೇಗ ತಿಳಿದೀತು. ಕೊನೆಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಚಪ್ಪರ ಏಳುತ್ತದೆ, ಮಳೆಗಾಲದ ಮೊದಲು ಕಳಚುತ್ತೇವೆ. ಅಷ್ಟರಲ್ಲಿ ಒಣಗಿದ ಅಡಿಕೆ ಮನೆಯ ಮೆತ್ತು (ಮಾಳಿಗೆ) ಸೇರಿರುತ್ತದೆ. ಕಂಟೇನರ್ ಆ ಚಪ್ಪರ. ಇಮೇಜ್ ಎಂಬ ಅಚ್ಚಿನಿಂದ ಎಷ್ಟು ಸಲ ಬೇಕಾದರೂ ಎಬ್ಬಿಸಬಹುದು, ಆದರೆ ತೆಗೆದುಹಾಕಿದರೆ ಅದರೊಳಗೆ ಬರೆದದ್ದೂ ಹೋಗುತ್ತದೆ. ಮೆತ್ತು ಇದೆಯಲ್ಲ, ಅದು ವಾಲ್ಯೂಮ್.

ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳನ್ನು ಮಾರಿದ ಲೆಕ್ಕ ಇಡಲು ಒಂದು ವೆಬ್ ಆ್ಯಪನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟುತ್ತಿದ್ದೆ. ಒಂದು ಕಂಟೇನರಿನಲ್ಲಿ ಆ್ಯಪ್, ಇನ್ನೊಂದರಲ್ಲಿ ಲೆಕ್ಕವನ್ನು ಹಿಡಿದಿಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್. ಅಪ್ಪನ ಹಳೆ ಪಟ್ಟಿಗಳನ್ನು ಹರಡಿಕೊಂಡು ಮೂರು ದಿನ ಕೂತು ಲೆಕ್ಕ ತುಂಬಿಸಿದೆ. ರಾತ್ರಿ ಎರಡೂ ಕಂಟೇನರುಗಳನ್ನು ನಿಲ್ಲಿಸಿ ತೆಗೆದುಹಾಕುವ ‘ಡಾಕರ್ ಕಂಪೋಸ್ ಡೌನ್’ ಆಜ್ಞೆ ಕೊಟ್ಟು ಮಲಗಿದೆ. ಬೆಳಿಗ್ಗೆ ಅವನ್ನು ಮತ್ತೆ ಎಬ್ಬಿಸಲು ‘ಅಪ್’ ಕೊಟ್ಟರೆ ಲೆಕ್ಕದ ಪುಟ ಖಾಲಿ! ಎದೆ ಧಸಕ್ಕೆಂದಿತು.

ಇರುವ ವಾಲ್ಯೂಮುಗಳ ಪಟ್ಟಿ ತೋರಿಸುವ ‘ಡಾಕರ್ ವಾಲ್ಯೂಮ್ ಎಲ್‌ಎಸ್’ ಕೊಟ್ಟು ನೋಡಿದೆ. 64 ಅಕ್ಷರ-ಅಂಕಿಗಳ ಉದ್ದುದ್ದ ಹೆಸರಿನ ಎರಡು ವಾಲ್ಯೂಮ್ ಕಂಡವು. ನಾನು ಹೇಳದಿದ್ದರೂ ಮೈಎಸ್‌ಕ್ಯೂಎಲ್ ಇಮೇಜಿನ ಸೂಚನೆಯಂತೆ ಡಾಕರ್ ಒಂದು ವಾಲ್ಯೂಮ್ ಮಾಡಿತ್ತು. ಬೆಳಿಗ್ಗೆ ಎದ್ದ ಹೊಸ ಕಂಟೇನರಿಗೆ ಹೊಸದೊಂದನ್ನು ಕೊಟ್ಟಿತ್ತು. ನನ್ನ ಲೆಕ್ಕವೆಲ್ಲ ಹಳೆಯದರಲ್ಲೇ ಇತ್ತು, ಗುರುತು ಹಾಕದ ಚೀಲ ಮೆತ್ತಿನ ಮೂಲೆ ಸೇರಿದ ಹಾಗೆ.

ಹಾಗಾಗಿ ಮೊದಲ ದಿನವೇ ವಾಲ್ಯೂಮಿಗೆ ಹೆಸರಿಡಿ. ಯಾವ ಕಂಟೇನರ್ ಹೇಗೆ ಏಳಬೇಕೆಂದು ಬರೆದಿಡುವ ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ಸರ್ವಿಸಿನ ಕೆಳಗೆ ‘ವಾಲ್ಯೂಮ್ಸ್’ ಎಂದು ಬರೆದು ‘ಅಡಿಕೆಲೆಕ್ಕ:/ವಾರ್/ಲಿಬ್/ಮೈಎಸ್‌ಕ್ಯೂಎಲ್’ ಎಂದು ಕೊಡಬೇಕು (ಫೈಲಿನಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ). ಕೋಲನ್ (:) ಚಿಹ್ನೆಯ ಎಡಕ್ಕಿರುವುದು ನೀವಿಟ್ಟ ಹೆಸರು, ಬಲಕ್ಕಿರುವುದು ಮೈಎಸ್‌ಕ್ಯೂಎಲ್ ತನ್ನ ಡೇಟಾ ಬರೆಯುವ ಜಾಗ. ಫೈಲಿನ ಕೊನೆಗೂ ‘ವಾಲ್ಯೂಮ್ಸ್’ ಎಂದು ಬರೆದು ಅದೇ ಹೆಸರನ್ನು ಮತ್ತೊಮ್ಮೆ ಹಾಕಿ. ಈಗ ನೂರು ಸಲ ‘ಡೌನ್’ ಮಾಡಿದರೂ ‘ಅಪ್’ ಆದಾಗ ಅದೇ ವಾಲ್ಯೂಮ್ ಬಂದು ಕೂಡುತ್ತದೆ.

ಕೋಡಿಗೆ ಇದು ಬೇಡ. ನಿಮ್ಮ ಫೋಲ್ಡರನ್ನೇ ನೇರ ಜೋಡಿಸುವ ಬೈಂಡ್ ಮೌಂಟ್ ಸಾಕು. ಎಡಿಟರಿನಲ್ಲಿ ಸೇವ್ ಮಾಡಿದ್ದು ಕಂಟೇನರಿನೊಳಗೂ ಕೂಡಲೇ ಕಾಣುತ್ತದೆ.

ಆದರೆ ‘ಡೌನ್’ ಮುಂದೆ ‘-ವಿ’ ಸೇರಿಸಿದರೆ ಹೆಸರಿಟ್ಟ ವಾಲ್ಯೂಮೂ ಅಳಿದುಹೋಗುತ್ತದೆ. ಕೇಳಿ ಖಚಿತಪಡಿಸಿಕೊಳ್ಳುವ ಕ್ರಮ ಅಲ್ಲಿಲ್ಲ. ಅದನ್ನು ಒತ್ತುವ ಮೊದಲು ‘ಮೈಎಸ್‌ಕ್ಯೂಎಲ್‌ಡಂಪ್’ನಿಂದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.