ಗೆರಿಲ್ಲಾ ಯುದ್ಧ: ಕ್ಯಾಮೆರಾಗೆ ಸಿಗದ ಅರ್ಧ

ಯುದ್ಧದ ಸಾಕ್ಷ್ಯಚಿತ್ರ ನೋಡುವವರಿಗೆ ‘ಗೆರಿಲ್ಲಾ ಯುದ್ಧ’ ಅಂದ ಕೂಡಲೇ ಕಣ್ಣಮುಂದೆ ಬರುವುದು ಕಾಡು, ಪೊದೆ, ಇದ್ದಕ್ಕಿದ್ದಂತೆ ಗುಂಡಿನ ಸದ್ದು. ಹೊಂಚು ಹಾಕಿ ಹೊಡೆಯುವುದು, ಓಡಿ ಮರೆಯಾಗುವುದು, ಇಷ್ಟೇ ಅಂದುಕೊಳ್ಳುತ್ತೇವೆ. (ಕೆಲವರು ‘ಗೊರಿಲ್ಲಾ ಯುದ್ಧ’ ಅಂತಲೂ ಬರೆಯುತ್ತಾರೆ. ಪಾಪ, ಆ ಪ್ರಾಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ.) 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಹಿಡಿದಾಗ ಅಲ್ಲಿನ ಜನ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಅದನ್ನು ಕಾಡಿದರು. ‘ಗೆರಿಲ್ಲಾ’ ಎಂಬ ಹೆಸರು ಹರಡಿದ್ದು ಆಗ. ಪದ್ಧತಿ ಮಾತ್ರ ಬಹಳ ಹಳೆಯದು. ನಮ್ಮ ದಖ್ಖನಿನಲ್ಲೇ 17ನೇ ಶತಮಾನದ ಶುರುವಿನಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಮೊಘಲರ ಭಾರೀ ಸೈನ್ಯಕ್ಕೆ ದವಸ ಧಾನ್ಯ ಬರುವ ದಾರಿ ಕಡಿದು ಸತಾಯಿಸಿದ್ದ.

ಹೊಂಚು ಹಾಕುವುದನ್ನು ಎಲ್ಲ ಸೈನ್ಯಗಳೂ ಮಾಡುತ್ತವೆ. ಗೆರಿಲ್ಲಾ ಪಡೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಬೇರೆ ಪ್ರಶ್ನೆ ಕೇಳಬೇಕು. ಇವರಿಗೆ ಅನ್ನ ಎಲ್ಲಿಂದ ಬರುತ್ತದೆ? ಸುದ್ದಿ ಯಾರು ತಂದುಕೊಡುತ್ತಾರೆ? ರಾತ್ರಿ ಎಲ್ಲಿ ಮಲಗುತ್ತಾರೆ?

ವಿಯೆಟ್ನಾಮಿನಲ್ಲಿ ಅಮೆರಿಕದ ಸೈನ್ಯದ ವಿರುದ್ಧ ಹೋರಾಡಿದ ಗೆರಿಲ್ಲಾಗಳು ಅಡಗುತ್ತಿದ್ದ ಕೂ ಚಿ ಸುರಂಗಗಳನ್ನೇ ತಗೊಳ್ಳಿ. ಸೈಗಾನ್ ನಗರದ ವಾಯವ್ಯಕ್ಕೆ ನೆಲದಡಿ 200 ಕಿಲೋಮೀಟರಿಗೂ ಜಾಸ್ತಿ ಉದ್ದದ ಜಾಲವಿತ್ತು. ಚಿತ್ರಗಳಲ್ಲಿ ಎಲೆ ಮುಚ್ಚಿದ ಕಿರಿದಾದ ಬಾಯಿಯನ್ನೂ, ಅದರೊಳಗೆ ಇಳಿಯುವ ಮನುಷ್ಯನನ್ನೂ ತಪ್ಪದೆ ತೋರಿಸುತ್ತಾರೆ. ನನಗೆ ಅದಕ್ಕಿಂತ ಅಲ್ಲಿನ ಅಡುಗೆಮನೆ ಮುಖ್ಯ ಅನ್ನಿಸುತ್ತದೆ. ವಿಮಾನದವರ ಕಣ್ಣಿಗೆ ಹೊಗೆ ಬಿದ್ದರೆ ಬಾಂಬು ಖಾತ್ರಿ. ಅದಕ್ಕೇ ಒಲೆಯಿಂದ ಉದ್ದಕ್ಕೆ ಕಾಲುವೆ ತೋಡಿ, ಮೇಲೆ ರೆಂಬೆ, ಹಸಿ ಮಣ್ಣು ಮುಚ್ಚುತ್ತಿದ್ದರು. ಹೊಗೆ ಅದರೊಳಗೆ ಹಾಯ್ದು ತಣ್ಣಗಾಗಿ, ದೂರದಲ್ಲೆಲ್ಲೋ ತೆಳ್ಳಗೆ ನೆಲದ ಮೇಲೆ ಹರಡುತ್ತಿತ್ತು. ಬೆಳಗಿನ ಜಾವ ಬೇಯಿಸಿದರೆ ಮಂಜೋ ಹೊಗೆಯೋ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಮೊದಲು, ಫ್ರೆಂಚರ ವಿರುದ್ಧದ ಯುದ್ಧಕಾಲದಲ್ಲೇ ಇದನ್ನು ರೂಪಿಸಿದ್ದು ಹೊವಾಂಗ್ ಕಾಮ್ ಎಂಬ ಸೈನ್ಯದ ಅಡುಗೆಯವನು. ಒಲೆಗೆ ಇವತ್ತಿಗೂ ಅವನದೇ ಹೆಸರು.

ಆ ಒಲೆಗೆ ಅಕ್ಕಿ ಬರುತ್ತಿದ್ದದ್ದು ಸುತ್ತಲಿನ ಹಳ್ಳಿಗಳಿಂದ. ಹಳೇ ಫಿಲ್ಮುಗಳಲ್ಲಿ ಇದು ಕಾಣುವುದು ಕಡಿಮೆ. ಕ್ಯಾಮೆರಾ ಜಾಸ್ತಿ ಇದ್ದದ್ದು ಅಮೆರಿಕದವರ ಕಡೆ. ಹೆಲಿಕಾಪ್ಟರ್ ಇಳಿಯುವುದು, ಸಿಪಾಯಿ ಪೊದೆಯತ್ತ ಗುಂಡು ಹಾರಿಸುವುದು ಬೇಕಾದಷ್ಟು ಸಿಗುತ್ತದೆ. ರಾತ್ರಿ ಹೊತ್ತು ಸುದ್ದಿ ಮುಟ್ಟಿಸುವ ಮುದುಕಿಯನ್ನು ಯಾರು ಚಿತ್ರ ತೆಗೆಯುತ್ತಾರೆ, ಹೇಳಿ?

ಪರದೆಯ ಮೇಲೆ ಬರುವ ಕೆಂಪು, ನೀಲಿ ಬಾಣಗಳ ನಕ್ಷೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಇಂಥ ಯುದ್ಧದಲ್ಲಿ ಮುಂಚೂಣಿ ಅಂತ ಒಂದು ಗೆರೆಯೇ ಇರುವುದಿಲ್ಲ. ಹಗಲು ಸರ್ಕಾರದ್ದಾಗಿದ್ದ ಹಳ್ಳಿ ರಾತ್ರಿ ಇನ್ನೊಬ್ಬರದ್ದು. ಗೆದ್ದ ನೆಲವನ್ನು ಅಳೆಯಲಾಗದೆ ಅಮೆರಿಕದ ಸೇನಾಧಿಕಾರಿಗಳು ಹೆಣಗಳ ಲೆಕ್ಕ ಹಿಡಿದರು. ಆ ಲೆಕ್ಕ ಉಬ್ಬುತ್ತಾ ಹೋಯಿತು, ಯುದ್ಧ ಮುಗಿಯಲಿಲ್ಲ.

ಫ್ರೆಂಚರ ವಿರುದ್ಧ ವಿಯೆಟ್ನಾಮಿನವರು ಗೆದ್ದ, ಎಲ್ಲರೂ ಗೆರಿಲ್ಲಾ ಗೆಲುವು ಅನ್ನುವ ದಿಯೆನ್ ಬಿಯೆನ್ ಫು ನಿಜಕ್ಕೂ ಮುತ್ತಿಗೆ ಕದನ. 1954ರ ಮಾರ್ಚ್ 13ರಿಂದ ಮೇ 7ರವರೆಗೆ ವಿಯೆಟ್ನಾಮಿನ ಜನರಲ್ ಜಿಯಾಪ್ ಫ್ರೆಂಚ್ ನೆಲೆಯನ್ನು ಕಂದಕ ತೋಡಿ, ಗುಡ್ಡದ ಮೇಲೆ ಫಿರಂಗಿ ಕೂರಿಸಿ ಹಿಂಡಿದ. ಇಂಥ ಯುದ್ಧದ ಹಂತಗಳನ್ನು ಚೀನಾದ ಮಾವೋ 1938ರಲ್ಲೇ ಹೇಳಿದ್ದ: ಮೊದಲು ತಾಳಿಕೊಳ್ಳುವ ಹಂತ, ನಡುವೆ ಸರಿಸಮ, ಕೊನೆಗೆ ಎದುರಾಬದುರು ದಾಳಿ. ಜಿಯಾಪ್ ಆಗ ತಲುಪಿದ್ದು ಈ ಕೊನೆಯ ಹಂತ. ಆದರೂ ಅವನ ಸೈನ್ಯಕ್ಕೆ ಅಕ್ಕಿ ಹೊತ್ತು ತಂದವರಲ್ಲಿ ಸೈಕಲ್ ತಳ್ಳಿಕೊಂಡು ಬಂದ ಊರ ಜನರೇ ಸಾವಿರಾರು.

ಊರ ಜನರನ್ನು ನೆಚ್ಚಿದ ಇಂಥ ಯುದ್ಧಕ್ಕೆ ನಮ್ಮಲ್ಲಿ ತಕ್ಕ ಉದಾಹರಣೆ ಸಂಗೊಳ್ಳಿ ರಾಯಣ್ಣ. ಕಿತ್ತೂರು ಕೈತಪ್ಪಿದ ಮೇಲೆ ಅವನು ಕಾಡು ಸೇರಿ ಕಂಪನಿಯ ಕಚೇರಿಗಳನ್ನು ಸುಟ್ಟ, ಖಜಾನೆ ದೋಚಿದ. ಜಮೀನು ಕಳಕೊಂಡವರು, ಕಂದಾಯಕ್ಕೆ ಬೇಸತ್ತವರು ಅವನ ಜೊತೆಯಾದರು. ಬೆನ್ನಟ್ಟಿದ ದಂಡಿಗೆ ಅವನು ಸಿಗಲಿಲ್ಲ. ಸಿಕ್ಕಿದ್ದು 1830ರಲ್ಲಿ, ಒಳಗಿನವರು ಸುಳಿವು ಕೊಟ್ಟ ಮೇಲೆ. 1831ರ ಜನವರಿ 26ರಂದು ನಂದಗಡದ ಹತ್ತಿರ ಗಲ್ಲಿಗೇರಿಸಿದರು. ಅವನ ಕಥೆ ತೆರೆಗೆ ತರುವವರು ಸುಮ್ನೆ ಕತ್ತಿವರಸೆ ತೋರಿಸುವ ಬದಲು, ಅವನು ಸುಡಿಸಿದ ಜಮೀನಿನ ಕಡತಗಳಿಂದ ಶುರು ಮಾಡಿದರೆ ಹಳ್ಳಿಯವರು ಯಾಕೆ ಅವನಿಗೆ ಬುತ್ತಿ ಕಟ್ಟಿಕೊಟ್ಟರು ಅನ್ನುವುದು ನೋಡುವವರಿಗೆ ತಿಳಿಯುತ್ತಿತ್ತು.