ಶೇಕಡಾ: ‘ಕ್ಕೆ’ ಬೇರೆ, ‘ರಷ್ಟು’ ಬೇರೆ

ಎರಡೇ ಕಂಬಗಳ ಒಂದು ಸ್ತಂಭಾಲೇಖ ವಾಟ್ಸ್‌ಆ್ಯಪ್‌ನಲ್ಲಿ ಈ ವಾರ ಮೂರನೇ ಸಲ ಬಂತು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ: ‘ಕರ್ನಾಟಕದ ಸಾಕ್ಷರತೆ ಶೇಕಡಾ 75.36%ರಷ್ಟು ಏರಿಕೆ’. ಅಷ್ಟು ಚಿಕ್ಕ ಸಾಲಿನಲ್ಲಿ ಎರಡು ತಪ್ಪು, ಕೆಳಗಿನ ಚಿತ್ರದಲ್ಲಿ ಮೂರನೆಯದು.

ಮೊದಲನೆಯದು ಸಣ್ಣದು. ‘ಶೇಕಡಾ’ ಮರಾಠಿಯಿಂದ ಬಂದ ಮಾತು. ಅಲ್ಲಿ ಶೇಕಡಾ ಅಂದರೆ ನೂರು, ಬೇರು ಸಂಸ್ಕೃತದ ‘ಶತ’. ನಮ್ಮದೇ ‘ನೂರಕ್ಕೆ ಇಷ್ಟು’ ಕೂಡ ಅದೇ ಕೆಲಸ ಮಾಡುತ್ತದೆ. ಊರಲ್ಲಿ ಕೈಸಾಲ ಕೊಡುವವರು ಇವತ್ತಿಗೂ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಅನ್ನುತ್ತಾರೆ (ಅದು ತಿಂಗಳ ಲೆಕ್ಕ, ವರ್ಷಕ್ಕೆ 24 ಆಯಿತು ಅನ್ನುವುದನ್ನು ನಾವೇ ತಿಳಿದುಕೊಳ್ಳಬೇಕು). % ಚಿಹ್ನೆಯೂ ಬೇರೇನಲ್ಲ. ಇಟಲಿಯ ವ್ಯಾಪಾರಿಗಳು ‘ಪೆರ್ ಚೆಂತೊ’, ಅಂದರೆ ನೂರಕ್ಕೆ, ಎಂಬುದನ್ನು ಅವಸರದಲ್ಲಿ ಗೀಚುತ್ತ ಗೀಚುತ್ತ ಸವೆದು ಉಳಿದದ್ದು ಅದು. ಹಾಗಾಗಿ ‘ಶೇಕಡಾ 75%’ ಅಂದರೆ ‘ನೂರಕ್ಕೆ ನೂರಕ್ಕೆ 75’. ಎರಡರಲ್ಲಿ ಒಂದನ್ನು ಬಿಡಿ, ಯಾವುದಾದರೂ ಸರಿ.

ಎರಡನೆಯದನ್ನು ಸಹಿಸುವುದು ಕಷ್ಟ. ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ 2001ರಲ್ಲಿ ಶೇ. 66.64, 2011ರಲ್ಲಿ ಶೇ. 75.36. ಅಂದರೆ ಶೇ. 75.36ಕ್ಕೆ ಏರಿತು. ‘75.36ರಷ್ಟು’ ಏರಿತು ಅಂದರೆ 66.64ರ ಮೇಲೆ ಅದರ ಮುಕ್ಕಾಲು ಪಾಲು ಸೇರಿಸಬೇಕು, ಕೂಡಿದರೆ 116.86. ನೂರು ಜನರಲ್ಲಿ ನೂರಾಹದಿನೇಳು ಮಂದಿ ಓದು ಬಲ್ಲವರು! ‘ಕ್ಕೆ’ ಮುಟ್ಟಿದ ಜಾಗ ಹೇಳುತ್ತದೆ, ‘ರಷ್ಟು’ ನಡೆದ ದೂರ ಹೇಳುತ್ತದೆ. ಮೈಸೂರಿಗೆ ಹೋದೆ ಅನ್ನುವುದಕ್ಕೆ ಯಾರೂ ಮೈಸೂರಿನಷ್ಟು ಹೋದೆ ಅನ್ನುವುದಿಲ್ಲ.

ಸರಿ, ನಡೆದ ದೂರ ಎಷ್ಟು? ಬರೇ ಕಳೆದರೆ 8.72. ಇದು ಶೇಕಡಾ ಅಲ್ಲ, ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ಬರೇ ಅಂತರ. ಹಳೆಯ 66.64ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 13. ಏರಿಕೆ ಶೇಕಡಾ ಎಷ್ಟು ಎಂದು ಕೇಳಿದರೆ ಉತ್ತರ ಅದು. ಪತ್ರಿಕೆಗಳೂ ಇಲ್ಲಿ ಎಡವುತ್ತವೆ. 2025ರ ಫೆಬ್ರುವರಿಯಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಶೇ. 6.50ರಿಂದ 6.25ಕ್ಕೆ ಇಳಿದಾಗ ‘ಶೇ. 0.25ರಷ್ಟು ಕಡಿತ’ ಎಂದು ಬರೆದವರಿದ್ದರು. ಇಳಿದದ್ದು 0.25 ಶೇಕಡಾ ಅಂಶ. ವಾಣಿಜ್ಯ ಪುಟದವರಲ್ಲಿ ‘25 ಮೂಲಾಂಶ’ ಎಂಬ ಒಳ್ಳೆಯ ಮಾತೇ ಇದೆ (ಒಂದು ಶೇಕಡಾ ಅಂಶದ ನೂರನೇ ಒಂದು ಪಾಲು ಒಂದು ಮೂಲಾಂಶ), ಬಳಸಬಹುದಿತ್ತು.

ಇನ್ನು ಚಿತ್ರ. ಬಲಗಡೆಯ ಕಂಬ ಎಡಗಡೆಯದರ ಎರಡು ಪಟ್ಟಿಗಿಂತಲೂ ಹೆಚ್ಚು ಎತ್ತರ. ಕಾರಣ, ಎಡ ಅಂಚಿನ ಅಳತೆ ಸೊನ್ನೆಯಿಂದಲ್ಲ, 60ರಿಂದ ಶುರು. ಕಣ್ಣಿಗೆ ಕಾಣುವುದು 6.64 ಮತ್ತು 15.36 ಮಾತ್ರ, ಕೆಳಗಿನ ಅರವತ್ತು ಕತ್ತರಿಸಿಹೋಗಿದೆ. ಸೊನ್ನೆಯಿಂದ ಎಳೆದಿದ್ದರೆ ಹೊಸ ಕಂಬ ಹಳೆಯದಕ್ಕಿಂತ ಸುಮಾರು ಎಂಟನೇ ಒಂದು ಭಾಗವಷ್ಟೇ ಹೆಚ್ಚು ಎತ್ತರ ಇರುತ್ತಿತ್ತು. ಕಂಬದ ಉದ್ದವೇ ಸಂಖ್ಯೆ ಆಗಿರುವಾಗ ಬುಡ ಕತ್ತರಿಸಬಾರದು. ರೇಖಾನಕ್ಷೆಯಲ್ಲಾದರೆ ನಾನು ಇಷ್ಟು ಜಗಳ ತೆಗೆಯುವುದಿಲ್ಲ.

ಯಾವುದರ ನೂರಕ್ಕೆ ಎಂದು ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು 2025ರ ಸೆಪ್ಟೆಂಬರ್ 22ರ ನಂತರ ನೋಡಿದೆವು. ಏಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮೊದಲು 30,000 ಇರುವ ಏಸಿಗೆ ಮೊದಲು 38,400, ಈಗ 35,400. ದರ ಇಳಿದದ್ದು 10 ಅಂಶ, ತೆರಿಗೆಯ ಹಣ ಇಳಿದದ್ದು ಶೇ. 35.7, ನಮ್ಮ ಜೇಬಿಗೆ ಉಳಿದದ್ದು ಹಳೇ ಬೆಲೆಯ ಶೇ. 7.8. ಮೂರೂ ಸರಿ. ಪಕ್ಕದ ಮನೆಯವರು ಮಾತ್ರ ಹಳೇ ಬೆಲೆಯಲ್ಲಿ ಹತ್ತು ಪರ್ಸೆಂಟ್ ಕಳೆದು, 34,560 ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ಬಿಲ್ ಹಿಡಿದು ಬಂದವರು, ಅಂಗಡಿಯವನು 840 ರೂಪಾಯಿ ನುಂಗಿದ ಅಂತ ಸಂಜೆಯವರೆಗೂ ಬೈಯುತ್ತಿದ್ದರು.